ಬೂದೆಪ್ಪನ ಗಲ್ಲಕ್ಕೆ ಹೊಸ ಸಾಬೂನು

ರಾಯಚೂರಿನ ಸಿಯಾತಲಾಬ್ ಓಣಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಾಲಿನವನ ಗಾಡಿ ಆಗಲೇ ಒಂದು ಸುತ್ತು ಹಾಕಿ ಹೋಗಿದೆ. ತಗಡಿನ ಮನೆಯ ಮುಂದಿನ ಕಟ್ಟೆಯ ಮೇಲೆ ಬಸ್ಸಮ್ಮ ಕುಳಿತಿದ್ದಾರೆ. ಗೋಡೆಗೆ ಆನಿಸಿದ ಕನ್ನಡಿ, ಮುಂದೆ ಸ್ಟೀಲಿನ ಬಟ್ಟಲು, ಕೈಯಲ್ಲಿ ಗಡ್ಡಕ್ಕೆ ಸಾಬೂನು ಹಚ್ಚುವ ಬ್ರಶ್. ಅರವತ್ತರ ಹತ್ತಿರ ಬಂದ ಈ ಹೆಣ್ಣುಮಗಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ತನ್ನ ಎಡಗಲ್ಲಕ್ಕೆ ತಾನೇ ಸಾಬೂನು ಹಚ್ಚಿಕೊಳ್ಳುತ್ತಿದ್ದಾರೆ.

ಇವತ್ತು ನಳಕ್ಕೆ ನೀರು ಬಿಡುವ ದಿನ. ಕೊಡ ಹಿಡಿದು ಹೊರಟ ಪಕ್ಕದ ಮನೆಯ ಹುಲಗೆಮ್ಮ ಈ ನೋಟ ಕಂಡು ನಿಂತೇಬಿಡುತ್ತಾರೆ.

"ಏನ ಬಸ್ಸಕ್ಕ, ಯಾವಾಗಿಂದ ಬರಾಕತ್ಯಾವ ಗಡ್ಡ?"

"ನಿನಗ ಮೀಸಿ ಬಂದಾಗಿಂದ. ಸುಮ್ನ ಹೋಗು, ಕೈ ಅಲಗ್ಯಾಡ್ತದ."

ಹುಲಗೆಮ್ಮ ನಗುತ್ತಾ ಹೋಗುತ್ತಾರೆ. ಈ ಓಣಿಯವರಿಗೆ ಇದೇನೂ ಹೊಸದಲ್ಲ. ಬಸ್ಸಮ್ಮ ಹಾಸಿಗೆ ಹಿಡಿದ ಗಂಡಸರ ಮನೆಗಳಿಗೆ ಹೋಗಿ ಗಡ್ಡ ತೆಗೆಯುತ್ತಾರೆ. ಲಕ್ವ ಹೊಡೆದವರು, ಸೊಂಟ ಮುರಿದವರು, ವಯಸ್ಸಾಗಿ ಎದ್ದು ಕೂರಲಾರದವರು, ಒಟ್ಟಿನಲ್ಲಿ ಸಲೂನಿನ ಕುರ್ಚಿಯವರೆಗೆ ನಡೆಯಲಾಗದವರೆಲ್ಲ ಅವರ ಗಿರಾಕಿಗಳು. ದಿನಕ್ಕೆ ಐದಾರು ಮುಖ. ಅಂದ್ರೂನ್ ಕಿಲ್ಲಾದಿಂದ ದವಸದ ಪೇಟೆಯಾದ ಗಂಜಿನ ಹಿಂದಿನ ಓಣಿಗಳವರೆಗೆ ಪ್ಲಾಸ್ಟಿಕ್ ಬುಟ್ಟಿ ಹಿಡಿದು ನಡೆದೇ ಓಡಾಟ. ಕೊಟ್ಟಷ್ಟು ತೆಗೆದುಕೊಳ್ಳುತ್ತಾರೆ, ಕೊಡದಿದ್ದವರ ಮನೆಗೂ ಮುಂದಿನ ವಾರ ಹೋಗುತ್ತಾರೆ. ಈ ಕೆಲಸದಲ್ಲಿ ಅವರದೊಂದು ಕಟ್ಟುಪಾಡಿದೆ. ತನ್ನ ಗಲ್ಲಕ್ಕೆ ಹಚ್ಚಿಕೊಳ್ಳದ ಯಾವುದನ್ನೂ ಮತ್ತೊಬ್ಬರ ಗಲ್ಲಕ್ಕೆ ಹಚ್ಚುವುದಿಲ್ಲ. ಒಂದೇ ಒಂದು ಸಲ ಅದನ್ನು ಮುರಿದದ್ದಕ್ಕೆ ಎರಡು ತಿಂಗಳಿಂದ ಅವರಿಗೆ ಸರಿಯಾಗಿ ಊಟ ಸೇರುತ್ತಿಲ್ಲ.

ಇವತ್ತು ಬಟ್ಟಲಿನಲ್ಲಿರುವುದು ಅವರು ಎಂದೂ ಬಳಸದ ಸಾಬೂನು. ಅಂಗೈಯಗಲದ ದುಂಡನೆಯ ಬಿಲ್ಲೆ, ಹಳೆಯ ಬೆಲ್ಲದ ಬಣ್ಣ, ಪರಿಮಳವೇ ಇಲ್ಲ. ಮಾಡಿದವಳು ಮಾನ್ವಿಯ ಶಶಿಕಲಾ, ಬಸ್ಸಮ್ಮನ ಅಕ್ಕನ ಮಗಳು. ಹೆಣ್ಣುಮಕ್ಕಳ ಸಂಘದಲ್ಲಿ ಸಾಬೂನು ಮಾಡುವುದನ್ನು ಕಲಿತು, ಮೈ ಸಾಬೂನಿನಲ್ಲಿ ಕೈ ಕುದುರಿದ ಮೇಲೆ ಈಗ ಮೊದಲ ಸಲ ಗಡ್ಡದ ಸಾಬೂನಿಗೆ ಕೈ ಹಾಕಿದ್ದಾಳೆ. ಸಿರವಾರದ ಮಿಲ್ಲಿನ ಅಕ್ಕಿತೌಡಿನ ಎಣ್ಣೆ, ಔಡಲೆಣ್ಣೆ, ಒಂದಿಷ್ಟು ಕೊಬ್ಬರಿ ಎಣ್ಣೆ. ಕಾಸಿ, ಅಚ್ಚಿಗೆ ಹೊಯ್ದು, ಒಂದೂವರೆ ತಿಂಗಳು ನೆರಳಲ್ಲಿ ಒಣಗಿಸಿ, ನಿನ್ನೆ ಸಂಜೆಯ ಬಸ್ಸಿಗೆ ತಾನೇ ತಂದುಕೊಟ್ಟಿದ್ದಾಳೆ. ಈಗ ಹೊಸ್ತಿಲ ಮೇಲೆ ಚಹಾದ ಲೋಟ ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾದವಳಂತೆ ಚಿಗವ್ವನ ಮುಖವನ್ನೇ ನೋಡುತ್ತಿದ್ದಾಳೆ.

ಫಲಿತಾಂಶ ಚೆನ್ನಾಗಿಲ್ಲ. ಬಸ್ಸಮ್ಮ ಎಷ್ಟು ತಿರುಗಿಸಿದರೂ ನೊರೆ ಏಳುತ್ತಿಲ್ಲ. ಒಡೆದ ಹಾಲಿನಂತೆ ಬಿಳಿ ಬಿಳಿ ತುಣುಕುಗಳು ಬಟ್ಟಲಿನ ಅಂಚಿಗೆ ಅಂಟಿಕೊಳ್ಳುತ್ತಿವೆ. ಗಲ್ಲದ ಮೇಲೆ ಹಚ್ಚಿದ್ದು ಹಚ್ಚಿದಲ್ಲೇ ಒಣಗಿ ಬಿಗಿಯುತ್ತಿದೆ.

"ನಮ್ಮ ಮನ್ಯಾಗ ಬುರುಬುರು ಬಂದಿತ್ತು ಚಿಗವ್ವ. ಖರೇನ ಬಂದಿತ್ತು." ಶಶಿಕಲಾಳ ದನಿ ಸಣ್ಣದಾಗುತ್ತದೆ.

"ಸುಳ್ಳು ಅಂತ ಯಾರ ಅಂದ್ರು? ಸಾಬೂನು ಹೊಸದು, ಇನ್ನ ನನ್ನ ಕೈ ಗುರ್ತು ಆಗಿಲ್ಲ. ಚಹಾ ಕುಡಿ."

ಸಮಾಧಾನ ಹೇಳಿದರೂ ಬಸ್ಸಮ್ಮನ ಎದೆಯಲ್ಲಿ ಕಳವಳ. ಯಾಕೆಂದರೆ ನಾಳೆ ಗುರುವಾರ. ನಾಳೆ ದೇವದುರ್ಗಕ್ಕೆ ಹೋಗಬೇಕು, ಬೂದೆಪ್ಪನ ಮುಂದೆ ಕೂರಬೇಕು.

ಬೂದೆಪ್ಪ ಯಾರು ಎನ್ನುವುದಕ್ಕೆ ಮೊದಲು ವೆಂಕೋಬ ಯಾರು ಎಂದು ಹೇಳಬೇಕಾಗುತ್ತದೆ. ವೆಂಕೋಬ ಬಸ್ಸಮ್ಮನ ಗಂಡ, ತೀರಿಕೊಂಡು ಏಳು ವರ್ಷವಾಯಿತು. ಮಾನ್ವಿ ಸೀಮೆಯ ಒಂದು ಹಳ್ಳಿಯ ಕೇರಿಯಲ್ಲಿ ಹುಟ್ಟಿದವರು. ಆ ಕಾಲದಲ್ಲಿ ಊರಿನ ಕ್ಷೌರದವರು ಕೇರಿಯ ಜನರ ಗಡ್ಡ ಮುಟ್ಟುತ್ತಿರಲಿಲ್ಲ. ಕೇರಿಯ ಗಂಡಸರು ತಮ್ಮ ತಮ್ಮಲ್ಲೇ ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕಿತ್ತು. ಬರೆದುಕೊಳ್ಳುತ್ತಾ ಕೂತ ನಾನು ಯಾವ ಊರು ಎಂದು ಕೇಳಿದರೆ ಬಸ್ಸಮ್ಮ ಹೇಳುವುದಿಲ್ಲ. "ಊರ ಹೆಸರು ಬ್ಯಾಡ ಬಿಡ್ರಿ. ಆಗ ಎಲ್ಲಾ ಊರಾಗೂ ಹಂಗ ಇತ್ತು. ಒಂದೂರಿನ ಹೆಸರ ಬರದ್ರ ಉಳಿದ ಊರಾವ್ರು ತಾವು ಚೊಲೋರು ಅನಕೊಂತಾರ."

ಹೀಗೆ ಕೇರಿಯ ಗಡ್ಡವೆಲ್ಲ ಹರೆಯದ ವೆಂಕೋಬರ ಪಾಲಿಗೆ ಬಂತು. ಭಾನುವಾರ ಬೆಳಗಾದರೆ ಬೇವಿನ ಮರದ ಕೆಳಗೆ ಗಂಡಸರ ಸಾಲು. ಇಡೀ ಕೇರಿಗೆ ಒಂದೇ ಕನ್ನಡಿ, ಒಂದೇ ಸಾಬೂನು. ಹೊಸದಾಗಿ ಮದುವೆಯಾಗಿ ಬಂದ ಬಸ್ಸಮ್ಮನ ಕೆಲಸ ಕನ್ನಡಿ ಹಿಡಿದು ನಿಲ್ಲುವುದು. "ನನಗ ಆಗ ಹದಿನೆಂಟು ಇರಬೇಕ್ರಿ. ನಾಚಿ ನಾಚಿ ಕನ್ನಡಿ ಹಿಂದ ಮಾರಿ ಮುಚಗೊಂತಿದ್ದೆ. ಮುದುಕ್ರು ನಗತಿದ್ರು, ಯವ್ವಾ, ಕನ್ನಡಿ ಬಗ್ಗಿಸು, ನನ್ನ ಮಾರಿ ಬದ್ಲಿ ಬೇವಿನಗಿಡ ಕಾಣಾಕತ್ತದ ಅಂತಿದ್ರು." ಇದನ್ನು ಹೇಳುವಾಗ ಅವರ ಮುಖ ಆ ಹದಿನೆಂಟಕ್ಕೇ ಹೋಗಿಬಿಡುತ್ತದೆ. ಆ ಬೆಳಗುಗಳ ಹಿಂದಿದ್ದ ಅವಮಾನ ಅವರಿಗೆ ಗೊತ್ತಿಲ್ಲದ್ದಲ್ಲ. ಆದರೂ ಆ ಮರದ ನೆರಳು, ಆ ನಗು, ದುಂಡು ಸಾಬೂನಿನ ಮೇಲೆ ಬ್ರಶ್ ಗಿರಗಿರನೆ ತಿರುಗುವ ಸದ್ದು ನೆನಪಾದರೆ ಈಗಲೂ ಕೈ ಕನ್ನಡಿ ಹುಡುಕುತ್ತದೆ ಎನ್ನುತ್ತಾರೆ.

ಮುಂದೆ ಗಂಡಹೆಂಡತಿ ರಾಯಚೂರಿಗೆ ಬಂದರು. ವೆಂಕೋಬ ಗಂಜಿನಲ್ಲಿ ಹಮಾಲಿ ಹಿಡಿದರು. ಅಲ್ಲಿ ಸಿಕ್ಕ ಗೆಳೆಯನೇ ಬೂದೆಪ್ಪ. ದೇವದುರ್ಗದ ಕಡೆಯ ರೈತರ ಮನೆಯವರು, ಊರಲ್ಲಿ ಹೊಲ ಸಾಲದೆ ಮೂಟೆ ಹೊರಲು ಬಂದವರು. ಗಂಜಿಗೆ ರಜೆಯಿದ್ದ ದಿನ ಬೂದೆಪ್ಪ ಇದೇ ಕಟ್ಟೆಗೆ ಬಂದು ಕೂರುವುದು, ವೆಂಕೋಬ ಗಡ್ಡ ತೆಗೆಯುವುದು, ಆಮೇಲೆ ಮೂವರೂ ಕೂಡಿ ರೊಟ್ಟಿ ತಿನ್ನುವುದು ಇಪ್ಪತ್ತು ವರ್ಷ ತಪ್ಪದೆ ನಡೆಯಿತು. ಊರಲ್ಲಿ ಬೂದೆಪ್ಪನಿಗೆ ಕ್ಷೌರದವರಿಗೇನೂ ಬರವಿರಲಿಲ್ಲ. ಆದರೂ ಅವರು ಗೆಳೆಯನ ಮುಂದೆಯೇ ಕತ್ತು ಒಡ್ಡಿದರು. ಆ ಒಂದು ಸಂಗತಿಗೆ ಬಸ್ಸಮ್ಮನ ಮನಸ್ಸಿನಲ್ಲಿ ಇವತ್ತಿಗೂ ದೊಡ್ಡ ಜಾಗವಿದೆ.

ಒಂದು ದಿನ ಮೂಟೆಯ ಕೆಳಗೇ ವೆಂಕೋಬ ಕುಸಿದರು. ಲಕ್ವ. ಬಲಗೈ ಬಿತ್ತು, ಮಾತು ನಿಂತಿತು. ಬೆಳೆಯುತ್ತಾ ಹೋದ ಗಡ್ಡವನ್ನು ಯಾರಿಂದ ತೆಗೆಸುವುದು? ನಾಲ್ಕು ದಿನ ನೋಡಿ ಐದನೆಯ ದಿನ ಬಸ್ಸಮ್ಮನೇ ಕತ್ತಿ ಎತ್ತಿಕೊಂಡರು. "ಅವರು ಕಣ್ಣಿಲೇ ಬೈತಿದ್ರು. ಕತ್ತಿ ಸ್ವಲ್ಪ ನೆಟ್ಟಗ ಹಿಡಿದ್ರ ಸಾಕು, ಹಿಂಗ ಕಣ್ಣು ಬಿಡ್ತಿದ್ರು. ಸರಿ ಹಿಡಿದ್ರ ಕಣ್ಣು ಮುಚ್ಚತಿದ್ರು. ಅವರ ಕಣ್ಣು ನೋಡಿಕೋತ ಕಲಿತಿದ್ದು ಇದು." ನಾಲ್ಕು ವರ್ಷ ಆ ಕಣ್ಣುಗಳ ಪಾಠ ನಡೆಯಿತು. ವೆಂಕೋಬ ಹೋದ ಮೇಲೆ ಹುಲಗೆಮ್ಮನ ಮಾವ ಹಾಸಿಗೆ ಹಿಡಿದರು. ಹುಲಗೆಮ್ಮ ಕರೆದರು, ಬಸ್ಸಮ್ಮ ಹೋದರು. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು.

ಆಡಿಕೊಂಡವರೂ ಇದ್ದರು. ಹೆಂಗಸಾಗಿ ಪರಗಂಡಸರ ಗಲ್ಲ ಹಿಡಿಯುತ್ತಾಳೆ ಎಂದು ಮೂಗು ಮುರಿದವರಿಗೆ ಬಸ್ಸಮ್ಮ ಕೊಟ್ಟ ಉತ್ತರ ಈಗ ಓಣಿಯಲ್ಲಿ ಎಲ್ಲರಿಗೂ ಬಾಯಿಪಾಠ. "ಹಾಸಿಗಿ ಹಿಡಿದವರಾಗ ಗಂಡಸು ಹೆಂಗಸು ಅಂತ ಇರಂಗಿಲ್ರೀ, ಎಲ್ಲಾ ಕೂಸುಗಳ." ಕೂಸುಗಳ ಗಡ್ಡ ತೆಗೆಯುವುದು ಸುಲಭವಲ್ಲ. ಹಲ್ಲಿಲ್ಲದ ಗಲ್ಲ ಒಳಗೆ ಬಿದ್ದಿರುತ್ತದೆ. ಲಕ್ವ ಹೊಡೆದವರಿಗೆ ಗಲ್ಲ ಉಬ್ಬಿಸಲು ಬರುವುದಿಲ್ಲ. ಬಸ್ಸಮ್ಮ ಹೆಬ್ಬೆರಳಿನಿಂದ ಚರ್ಮವನ್ನು ಕಿವಿಯ ಕಡೆಗೆ ಮೆಲ್ಲಗೆ ಎಳೆದು ಹಿಡಿದು, ಕೂದಲು ಬೆಳೆದ ದಿಕ್ಕಿಗೇ ಕತ್ತಿ ಆಡಿಸುತ್ತಾರೆ. ನುಣ್ಣಗಾಗಲಿ ಎಂದು ಎದುರು ಹೋಗುವುದಿಲ್ಲ. ಬಿಸಿನೀರಿನ ಬಟ್ಟೆಯನ್ನು ಮೊದಲು ತನ್ನ ಮೊಣಕೈಗೆ ಮುಟ್ಟಿಸಿಕೊಂಡೇ ಅವರ ಮುಖಕ್ಕೆ ಇಡುತ್ತಾರೆ.

ಬೂದೆಪ್ಪನೂ ಮೂರು ವರ್ಷದ ಹಿಂದೆ ಬಿದ್ದು ಸೊಂಟ ಮುರಿದುಕೊಂಡರು. ಈಗ ದೇವದುರ್ಗದಲ್ಲಿ ಮಗ ಅಂಜಿನೇಯನ ಮನೆಯಲ್ಲಿದ್ದಾರೆ. ಬಸ್ಸಮ್ಮ ಗುರುವಾರಕ್ಕೊಮ್ಮೆ ಬಸ್ ಹತ್ತಿ ಹೋಗಿ ಅವರ ಗಡ್ಡ ತೆಗೆದು ಬರುತ್ತಿದ್ದರು. ವೆಂಕೋಬರ ಕತ್ತಿ ಆಡಿದ ಮುಖಗಳಲ್ಲಿ ಉಳಿದಿರುವುದು ಅದೊಂದೇ. ಕೇರಿಯ ಮುದುಕರೆಲ್ಲ ಮಣ್ಣಾಗಿ ಹೋದರು. "ಬೂದೆಪ್ಪಣ್ಣನ ಗಲ್ಲ ಮುಟ್ಟಿದ್ರ ಅವರು ಮುಟ್ಟಿದ ಜಾಗ ಮುಟ್ಟಿದಂಗ ಆಗ್ತದ್ರಿ," ಎಂದು ಸಂಕೋಚವಿಲ್ಲದೆ ಹೇಳುತ್ತಾರೆ ಬಸ್ಸಮ್ಮ. ಆದರೆ ಬೂದೆಪ್ಪ ಎಂದೂ ಒಂದು ಒಳ್ಳೆಯ ಮಾತು ಆಡಿದವರಲ್ಲ. ಮುಗಿದ ಮೇಲೆ ಬಲಗಿವಿಯ ಕೆಳಗೆ ಬೆರಳಾಡಿಸಿ ಸುಮ್ಮನಾಗುವರು. ಗಂಡನ ಕೈಯ ಹದ ತನ್ನ ಕೈಗೆ ಬಂದಿಲ್ಲ ಎಂದೇ ಅದರ ಅರ್ಥ ಎಂದು ಬಸ್ಸಮ್ಮ ತಿಳಿದುಕೊಂಡಿದ್ದರು.

ಎರಡು ತಿಂಗಳ ಹಿಂದೆ ಅಂಜಿನೇಯ ಅಪ್ಪನಿಗಾಗಿ ಹೊಸ ನೊರೆಡಬ್ಬಿ ತಂದಿಟ್ಟಿದ್ದ. ಒತ್ತಿದರೆ ಬುಸ್ಸೆಂದು ಬರುವ, ತಣ್ಣಗೆ ಹತ್ತುವ ನೊರೆ. ಮಗ ಪ್ರೀತಿಯಿಂದ ತಂದದ್ದು, ಬೇಡವೆನ್ನುವುದು ಹೇಗೆ? ತನ್ನ ಗಲ್ಲಕ್ಕೆ ಹಚ್ಚಿ ನೋಡದೆ ಬಸ್ಸಮ್ಮ ನೇರ ಹಚ್ಚಿಬಿಟ್ಟರು. ಮುದಿಚರ್ಮ, ಉರಿ ಹತ್ತಿತು, ಮುಖವೆಲ್ಲ ಕೆಂಪು ಗಾದರಿ ಎದ್ದಿತು. ಬೂದೆಪ್ಪ ಬಸ್ಸಮ್ಮನ ಕೈ ತಳ್ಳಿದರು. "ವೆಂಕೋಬ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ," ಎಂದರು.

ಆ ಮಾತು ಬಸ್ಸಮ್ಮನನ್ನು ಇರಿದ ಹಾಗೆ ಯಾವ ಕತ್ತಿಯೂ ಯಾರನ್ನೂ ಇರಿದಿರಲಿಕ್ಕಿಲ್ಲ. ಅಂದಿನಿಂದ ಬೂದೆಪ್ಪ ಯಾರಿಗೂ ಮುಖ ಕೊಟ್ಟಿಲ್ಲ. ಬಿಸಿ ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದುತ್ತಾರಲ್ಲ, ಹಾಗೆ ನೀರಿನ ಬಟ್ಟೆ ತಂದರೂ ಮುಖ ತಿರುವುತ್ತಾರಂತೆ. ಸೊಸೆ ಹನುಮಂತಮ್ಮ ಫೋನು ಮಾಡಿ ಅಳುತ್ತಾಳೆ. ಗಡ್ಡದಲ್ಲಿ ಅನ್ನದ ಅಗುಳು ಸಿಕ್ಕುತ್ತದೆ, ತುರಿಕೆ, ಮೊಮ್ಮಕ್ಕಳು ಹತ್ತಿರ ಹೋಗಲೊಲ್ಲರು. ಕೊನೆಗೆ ಈ ವಾರ ಮಾವನನ್ನು ಹೇಗೋ ಒಪ್ಪಿಸಿದ್ದಾಳೆ, ಇದೊಂದು ಸಲಕ್ಕೆ ಮಾತ್ರ. ಈ ಸಲವೂ ಉರಿದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಅದಕ್ಕೆಂದೇ ಬಸ್ಸಮ್ಮ ಅಕ್ಕನ ಮಗಳಿಂದ ಪರಿಮಳವಿಲ್ಲದ, ಎಣ್ಣೆಯಂಶ ಹೆಚ್ಚಿರುವ ಸಾಬೂನು ತರಿಸಿಕೊಂಡದ್ದು. ಆ ಸಾಬೂನೇ ಈಗ ಬಟ್ಟಲಲ್ಲಿ ಒಡೆದು ಕೂತಿದೆ.

ಹುಲಗೆಮ್ಮ ತುಂಬಿದ ಕೊಡ ಹೊತ್ತು ವಾಪಸ್ಸು ಬರುತ್ತಾರೆ. ಬಟ್ಟಲೊಳಗೆ ಇಣುಕುತ್ತಾರೆ.

"ಯಾವ ನೀರು ಇದು?"

"ಬೋರಿಂದು."

"ಬೋರಿನ ನೀರಾಗ ತೊಗರಿಬ್ಯಾಳಿನ ಬೇಯಂಗಿಲ್ಲ. ಸಾಬೂನು ಏನ ಮಾಡೀತು ಪಾಪ? ತಗೋ." ಕೊಡ ಬಗ್ಗಿಸಿ ಒಂದು ಲೋಟ ನಳದ ನೀರು ಹೊಯ್ದುಕೊಡುತ್ತಾರೆ. ಹೊಳೆಯಿಂದ ಬರುವ ನೀರು.

ಬಸ್ಸಮ್ಮ ಬಟ್ಟಲು, ಬ್ರಶ್, ಗಲ್ಲ ಮೂರನ್ನೂ ತೊಳೆದು ಹೊಸದಾಗಿ ತಿರುಗಿಸತೊಡಗುತ್ತಾರೆ. ಮೊದಲು ಗುಳ್ಳೆ, ಆಮೇಲೆ ಕೆನೆ, ಆಮೇಲೆ ಬ್ರಶ್ಶಿನ ತುದಿಯಲ್ಲಿ ಬೆಣ್ಣೆಯ ಹಾಗೆ ನಿಲ್ಲುವ ನೊರೆ. ಶಶಿಕಲಾ ಲೋಟ ಕೆಳಗಿಟ್ಟು ಎದ್ದೇ ನಿಲ್ಲುತ್ತಾಳೆ. ಮಾನ್ವಿಯಲ್ಲಿ ಅವಳ ಮನೆಗೆ ಬರುವುದು ಕಾಲುವೆಯ ನೀರು, ನೀರಿನ ಮಾತೇ ಅವಳಿಗೆ ಹೊಳೆದಿರಲಿಲ್ಲ. ಬಸ್ಸಮ್ಮನಿಗೂ ಹೊಳೆದಿರಲಿಲ್ಲ, ಇಷ್ಟು ವರ್ಷ ಬಳಸಿದ ಟ್ಯೂಬಿನ ಕ್ರೀಮು ಯಾವ ನೀರಿಗೂ ನೊರೆ ಕೊಟ್ಟು ಅಭ್ಯಾಸ ಮಾಡಿಸಿಬಿಟ್ಟಿತ್ತು. ಅವರು ಎರಡೂ ಗಲ್ಲಕ್ಕೆ ಹಚ್ಚಿಕೊಂಡು, ಬ್ಲೇಡಿಲ್ಲದ ಕತ್ತಿಯನ್ನು ಮೆಲ್ಲಗೆ ಎಳೆದುಕೊಂಡು, ಹಾಗೇ ಕೂತು ಬಿಸಿಲು ಕಟ್ಟೆಗೆ ಬರುವವರೆಗೂ ಕಾಯುತ್ತಾರೆ. ಉರಿಯಿಲ್ಲ, ಬಿಗಿತವಿಲ್ಲ. ಮಧ್ಯಾಹ್ನ ನೋಡುತ್ತಾರೆ, ಸಂಜೆ ಮತ್ತೆ ಕನ್ನಡಿ ಹಿಡಿಯುತ್ತಾರೆ. ಕೆಂಪಿಲ್ಲ.

ಗುರುವಾರ ಬೆಳಗ್ಗೆ ದೇವದುರ್ಗದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಬಸ್ಸಮ್ಮ, ಅವರ ಪಕ್ಕ ನಾನು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಒಂದು ಬಾಟಲಿ ಹೊಳೆನೀರು. ಬೂದೆಪ್ಪನ ಓಣಿಯಲ್ಲೂ ಬೋರಿನ ನೀರೇ. ಗಬ್ಬೂರು ದಾಟಿದ ಮೇಲೆ ಬಿಸಿಲು ಚುರುಗುಟ್ಟತೊಡಗುತ್ತದೆ. ಎದುರು ಸೀಟಿನ ಹೆಂಗಸಿನ ತೊಡೆಯ ಮೇಲಿನ ಕೂಸು ಅಳುತ್ತದೆ. "ಯವ್ವಾ, ಒಂದೀಟು ನೀರು ಕೊಡ್ತೀರೇನು?" ಬಸ್ಸಮ್ಮ ಒಂದು ಗಳಿಗೆ ಬಾಟಲಿಯನ್ನು ನೋಡುತ್ತಾರೆ. ನೀರು ಕೇಳಿದವರಿಗೆ ಇಲ್ಲ ಎನ್ನಲು ಯಾವ ಹೆಣ್ಣುಮಗಳಿಗೆ ಬಾಯಿ ಬಂದೀತು? ಕೂಸು ಕುಡಿಯಿತು, ತಾಯಿಯೂ ಕುಡಿದಳು, ಅವಳ ಪಕ್ಕದ ಅಜ್ಜಿಯೂ ಗಂಟಲು ಒದ್ದೆ ಮಾಡಿಕೊಂಡಳು. ಬಾಟಲಿ ಕೈಗೆ ಮರಳಿದಾಗ ತಳದಲ್ಲಿ ಬೊಗಸೆಯಷ್ಟು ಉಳಿದಿತ್ತು.

ದೇವದುರ್ಗದ ಮನೆಯಲ್ಲಿ ಬೂದೆಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಾರೆ. ಗಡ್ಡ ಎರಡು ಬೆರಳಗಲ ಬೆಳೆದಿದೆ. ಹನುಮಂತಮ್ಮ ದಿಂಬು ಎತ್ತರಿಸಿ ಕೂರಿಸುತ್ತಾಳೆ. ಅವರು ಬಸ್ಸಮ್ಮನ ಕಡೆ ನೋಡುವುದಿಲ್ಲ. ಬಸ್ಸಮ್ಮ ಕತ್ತರಿಯಿಂದ ಗಡ್ಡ ಸಣ್ಣ ಮಾಡಿ, ಬೋರಿನ ನೀರನ್ನೇ ಬಿಸಿ ಮಾಡಿ ಬಟ್ಟೆ ಇಟ್ಟು, ಹೊಳೆನೀರನ್ನು ನೊರೆಗೆ ಮಾತ್ರ ಹನಿ ಹನಿಯಾಗಿ ಬಳಸುತ್ತಾರೆ. ನೊರೆ ಮುಟ್ಟಿದ ಕೂಡಲೇ ಬೂದೆಪ್ಪ ಕಣ್ಣು ಬಿಗಿಯಾಗಿ ಮುಚ್ಚಿ, ಉರಿಗಾಗಿ ಕಾಯುತ್ತಾರೆ. ಬಸ್ಸಮ್ಮನೂ ಕಾಯುತ್ತಾರೆ.

"ಯಾವ ಸಾಬೂನಿದು?" ಬೂದೆಪ್ಪ ಕೊನೆಗೂ ಬಾಯಿ ಬಿಡುತ್ತಾರೆ.

"ನಮ್ಮಕ್ಕನ ಮಗಳು ಮಾಡ್ಯಾಳಣ್ಣ. ಮಾನ್ವ್ಯಾಗ."

"ವಾಸನಿ ಇಲ್ಲ."

"ಇಲ್ಲಣ್ಣ. ಉರಿಯಾಕತ್ತದೇನು?"

"ಉರದ್ರ ಸುಮ್ನ ಇರ್ತಿದ್ನೇನು? ಮಾಡು."

ಕತ್ತಿ ಇಳಿಯುತ್ತದೆ. ಹೊರಗೆ ಯಾರದೋ ಮನೆಯ ಟಿವಿ ಬಿಟ್ಟರೆ ಬೇರೆ ಸದ್ದಿಲ್ಲ. ಎರಡು ತಿಂಗಳ ಬಿಳಿ ಗಡ್ಡದ ಕೆಳಗಿನಿಂದ ಬಸ್ಸಮ್ಮನಿಗೆ ಗುರುತಿರುವ ಮುಖ ಚೂರು ಚೂರಾಗಿ ಹೊರಬರುತ್ತದೆ. ಬಾಗಿಲಲ್ಲಿ ನಿಂತ ಹನುಮಂತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾಳೆ. ಮುಖ ಒರೆಸಿ ಮುಗಿಸಿದ ಮೇಲೆ ಬೂದೆಪ್ಪ ಎಂದಿನಂತೆ ಬಲಗಿವಿಯ ಕೆಳಗೆ ಬೆರಳಾಡಿಸಿ, ಬೆರಳನ್ನು ಕಣ್ಣ ಮುಂದೆ ಹಿಡಿದು ನೋಡಿಕೊಳ್ಳುತ್ತಾರೆ.

ಬಸ್ಸಮ್ಮ ಬಗ್ಗಿ ನೋಡುತ್ತಾರೆ. "ಯಾಕಣ್ಣ, ಕತ್ತಿ ಹತ್ತಿತೇನು?"

"ಇಲ್ಲ. ರಗತ ಬಂದದೇನು ಅಂತ ನೋಡಾಕತ್ತೀನಿ. ರೂಢಿ ಆಗ್ಯದ. ವೆಂಕೋಬ ಇಲ್ಲಿ ಕೊಯ್ಯಲಾರದ ಒಮ್ಮಿ ಬಿಟ್ಟಿದ್ದಿಲ್ಲ."

ಬಸ್ಸಮ್ಮ ನಂಬುವುದಿಲ್ಲ. ಗಂಡನ ಪರ ವಾದಕ್ಕೇ ನಿಲ್ಲುತ್ತಾರೆ. "ಸುಳ್ಳು ಹೇಳಬ್ಯಾಡ್ರಿ. ನೀವ ಸುಮ್ನ ಕುಂದರಂಗಿದ್ದಿಲ್ಲಂತ. ಕತ್ತಿ ಕೆಳಗೂ ಬಾಯಿ ಬಡೀತಿದ್ರಂತ."

"ಅದೂ ಖರೇ ಅದ." ಬೂದೆಪ್ಪ ಹಲ್ಲಿಲ್ಲದ ಬಾಯಲ್ಲಿ ನಗುತ್ತಾರೆ. "ಆದ್ರ ಅವನ ಕೈ ಮೂಟಿ ಹೊರೋ ಕೈ, ತಂಗಿ. ಒರಟು. ಇಪ್ಪತ್ತು ವರ್ಷ ಕೊಯ್ದಲ್ಲೆಲ್ಲ ಪಟಿಕ ತಿಕ್ಕಿಸಿಕೊಂಡೀನಿ. ಗೆಳೆಯ ಅಲ್ಲೇನು, ಹೆಂಗ ಹೇಳಲಿ?"

"ಮತ್ತ ಅವತ್ತ ನನಗ ಹಂಗ್ಯಾಕ ಅಂದ್ರಿ?"

ಬೂದೆಪ್ಪ ನುಣುಪಾದ ಗಲ್ಲ ಸವರಿಕೊಳ್ಳುತ್ತಾರೆ. "ಮಾರಿ ಉರೀತಿತ್ತು. ಸಿಟ್ಟಿನಾಗ ಎಲ್ಲಿ ಬಡದ್ರ ನೋಯ್ತದ ಅಂತ ಗೊತ್ತಿತ್ತು, ಅಲ್ಲೇ ಬಡದೆ. ತಪ್ಪಾತು. ಮೂರು ವರ್ಷದಾಗ ನೀ ಒಮ್ಮಿನೂ ಕೊಯ್ದಿಲ್ಲ. ಅದನ್ನ ಹೇಳಿದ್ರ ಅವನ ಹೆಸರು ಸಣ್ಣದಾಗ್ತದ ಅಂತ ನಾನೂ ಬಾಯಿ ಬಿಟ್ಟಿದ್ದಿಲ್ಲ."

ಬಸ್ಸಮ್ಮ ತಲೆ ಬಗ್ಗಿಸಿ ಬ್ರಶ್ ತೊಳೆಯುತ್ತಾರೆ. ತೊಳೆದದ್ದನ್ನೇ ಮತ್ತೆ ತೊಳೆಯುತ್ತಾರೆ.

ಹನುಮಂತಮ್ಮ ಹಾಕಿದ ರೊಟ್ಟಿ ಉಂಡು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಬಂದು ಕೂತರು. ಮುಂದಿನ ಗುರುವಾರಕ್ಕೆ ಎರಡು ಬಾಟಲಿ ನೀರು ತರಬೇಕು ಎಂದರು. ಶಶಿಕಲಾಗೆ ಫೋನು ಮಾಡಿ, ಬೂದೆಪ್ಪಣ್ಣನಿಗೊಂದು ಬಿಲ್ಲೆ ತೆಗೆದಿಡು ಎಂದು ಹೇಳಿದರು. ಫೋನು ಇಟ್ಟು, ಬುಟ್ಟಿಯ ಮೇಲೆ ಚಾಚಿದ ತನ್ನ ಬಲಗೈಯನ್ನು ಯಾರದೋ ಕೈಯೆಂಬಂತೆ ನೋಡಿಕೊಂಡರು.

"ಕತ್ತಿ ಹಿಡಿದಾಗೆಲ್ಲ ಇದು ಅವರ ಕೈ, ನಾ ಬರೇ ಕಾಯಾಕತ್ತೀನಿ ಅಂತ ಅನಕೊಂತಿದ್ದೆ. ಎಲ್ಲಿ ಕಳದು ಹೋಗ್ತದೋ ಅಂತ ಅಂಜಿಕೋತ ಮಾಡ್ತಿದ್ದೆ. ಮನಿಗಿ ಹೋಗಿ ಅವರ ಫೋಟೊದ ಮುಂದ ಇದನ್ನ ಹೇಳ್ಬೇಕೋ ಬ್ಯಾಡೋ ಗೊತ್ತಾಗವಲ್ದು. ಅವರಿಗೆ ಬ್ಯಾಸರ ಆಗ್ತದ."

ರಾಯಚೂರಿನ ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತು. ಬಸ್ಸಮ್ಮ ಬುಟ್ಟಿ ಎತ್ತಿಕೊಂಡು, ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, ಹಿಂದಿದ್ದ ನನ್ನ ಕಡೆ ತಿರುಗಿ ಹೇಳಿದರು.

"ಹೇಳ್ತೀನ್ರೀ. ಕೈ ನಂದು ಅಂತ ಹೇಳ್ತೀನಿ."